ಐಸ್‌ಲ್ಯಾಂಡಿಗೆ ಕಲ್ಯಾಣ ಮಾರ್ಗವಾಗಿ

ಗೆಳೆಯ ಜಯಶೀಲ ತೀರಿಕೊಂಡ ಮೇಲೆ ಅವನಿಂದ ನನ್ನ ಪಾಲಿಗೆ ಬಂದ ಆಸ್ತಿಯೆಂದರೆ ಐಸ್‌ಲ್ಯಾಂಡ್.

ಅವನ ಮಗಳು ನಿಶ್ಮಿತಾಳಿಗೆ ಶಾಲೆಯಲ್ಲಿ ಭೂಗೋಳದ ಪ್ರಾಜೆಕ್ಟ್. ಕನಸಿನ ಪ್ರವಾಸಕ್ಕೊಂದು ಜಾಗ ಆರಿಸಬೇಕು, ದಾರಿ ಹುಡುಕಬೇಕು, ತರಗತಿಯ ಮುಂದೆ ನಿಂತು ಹೇಳಬೇಕು. ಅಪ್ಪ ಮಗಳು ಸೇರಿ ಐಸ್‌ಲ್ಯಾಂಡ್ ಆರಿಸಿದ್ದರು. ಅಷ್ಟರಲ್ಲಿ ಅವನು ಹೋದ. ಅವಳು ಅಟ್ಲಾಸ್ ಮುಚ್ಚಿಟ್ಟಳು. ಶಾಲೆಯಲ್ಲಿ ಬಾಯಿಯನ್ನೂ ತೆರೆಯುತ್ತಿರಲಿಲ್ಲ.

"ನೀವಾದ್ರೂ ಒಮ್ಮೆ ಮಗುವಿನ ಹತ್ರ ಕೂತ್ಕೊಳ್ಳಿ ಮಾರಾಯ್ರೆ," ಎಂದಳು ಅವನ ಹೆಂಡತಿ ಜಯಲತಾ. "ಎಲ್ಲರೆದುರು ನಾಲ್ಕು ಮಾತಾಡಿದ್ರೆ ಸಾಕು ನನಗೆ."

"ಇವರ ಹತ್ರ ಭೂಗೋಳವಾ?" ಎಂದು ನನ್ನ ಹೆಂಡತಿ ರುಕ್ಮಿಣಿ ನಡುವೆ ಬಾಯಿ ಹಾಕಿದಳು. "ಠಾಣೆಗೆ ಅಂತ ಲೋಕಲ್ ಹತ್ತಿ ಕೊನೇ ಸ್ಟೇಶನ್ ಕಸಾರಾದಲ್ಲಿ ಇಳಿದವರು."

(ನಿದ್ದೆ ಬಂದಿತ್ತು. ಅದು ಭೂಗೋಳದ ತಪ್ಪಲ್ಲ.)

ಭಾನುವಾರ ಗ್ಲೋಬು ಹಿಡಿದು ಡೊಂಬಿವಲಿಯ ಅವರ ಮನೆಗೆ ದಯಮಾಡಿಸಿದೆ. ಜ್ವಾಲಾಮುಖಿ, ಹಿಮನದಿ, ಅಕ್ಷಾಂಶ, ರೇಖಾಂಶಗಳ ಕುರಿತು ಮಹೋಪನ್ಯಾಸ ನೀಡಿದೆ. ಹುಡುಗಿ ಫ್ಯಾನು ನೋಡುತ್ತಿದ್ದಳು. ಕೊನೆಗೆ ಸೋತು, "ಹೋಗಲಿ, ಇಲ್ಲಿಂದ ಅಲ್ಲಿಗೆ ಹೋಗೋದು ಹೇಗೆ ಪುಟ್ಟಿ?" ಎಂದೆ.

"ಪೆಹಲೇ ಉಲ್ಟಾ ಹೋಗ್ಬೇಕು," ಎಂದಳು. "ಇಲ್ಲಾಂದ್ರೆ ಸೀಟ್ ಸಿಗಲ್ಲ."

ಇದು ಡೊಂಬಿವಲಿಯ ಶಾಸ್ತ್ರ. ಮುಂಬೈಗೆ ಹೋಗುವವರು ಮೊದಲು ವಿರುದ್ಧ ದಿಕ್ಕಿನ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ಅದೇ ಗಾಡಿ ಖಾಲಿಯಾಗಿ ಮುಂಬೈಗೆ ತಿರುಗುವಾಗ, ಇಳಿಯದೆ ಕಿಟಕಿ ಹಿಡಿದು ಕೂರುತ್ತಾರೆ. ಜಯಶೀಲ ಬದುಕಿಡೀ ಹೀಗೇ ಆಫೀಸಿಗೆ ಹೋದ.

"ವಿಮಾನದಲ್ಲಿ ಸೀಟು ಮೊದಲೇ ಬುಕ್ ಆಗಿರುತ್ತಲ್ಲ."

"ತೋ ಪಪ್ಪಾ ಗಲತ್ ಥೇ?"

ಬದುಕಿದ್ದಾಗ ಅವನು ಹೇಳಿದ್ದೆಲ್ಲ ತಪ್ಪು ಎಂದು ವಾದಿಸಿದವನು ನಾನು. ಈಗ ಹೇಗೆ ಹೇಳಲಿ? "ಪಪ್ಪ ಹೇಳಿದ್ದೇ ಸರಿ," ಎಂದೆ. ಆ ಕ್ಷಣದಿಂದ ಜಗತ್ತಿನ ವಿಮಾನಯಾನದ ನಿಯಮಗಳೆಲ್ಲ ರದ್ದಾದವು.

ಐಸ್‌ಲ್ಯಾಂಡ್ ಉತ್ತರಕ್ಕೆ, ಆದ್ದರಿಂದ ನಾವು ದಕ್ಷಿಣಕ್ಕೆ ಹೊರಟೆವು. ಅವಳ ಬೆರಳು ಹಿಂದೂ ಮಹಾಸಾಗರ ದಾಟಿ ಅಂಟಾರ್ಕಟಿಕಾ ತಲುಪಿತು. ಅದೇ ನಮ್ಮ ಕಲ್ಯಾಣ. ಅಲ್ಲಿಂದ ಹಿಂತಿರುಗಬೇಕಾದ ಬೆರಳು ಮುಂದಕ್ಕೇ ಹೋಯಿತು: ಪೆಸಿಫಿಕ್, ಅಮೆರಿಕ, ಉತ್ತರ ಧ್ರುವ, ಐಸ್‌ಲ್ಯಾಂಡ್.

"ಶ್ರೀನಿ ಅಂಕಲ್, ವಾಪಸ್ ಬರೋದೇ ಬೇಡ. ಉಲ್ಟಾ ಹೋಗ್ತಾ ಇದ್ರೂ ಸಿಗ್ತದೆ."

ಭೂಮಿ ಗುಂಡಗಿದೆ ಎಂಬುದನ್ನು ಅವಳು ಅಂದು ನಂಬಿದಳು. ಅಟ್ಲಾಸ್ ತೆರೆದಳು. ಅಂಟಾರ್ಕಟಿಕಾದಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ, ಅಮೆರಿಕದಲ್ಲಿ ನುಗ್ಗುವವರನ್ನು ತಡೆಯುವುದು ಹೇಗೆ, ಐಸ್‌ಲ್ಯಾಂಡಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆಗೆ ಬರುತ್ತದೆ ಎಂದೆಲ್ಲ ಕೇಳಿದಳು. ನಾನು ಎಲ್ಲಕ್ಕೂ ಗಂಭೀರವಾಗಿ ಉತ್ತರಿಸಿದೆ.

ಪ್ರಾಜೆಕ್ಟಿನ ದಿನ ಶಾಲೆಗೆ ಮನೆಯವರನ್ನೂ ಕರೆದಿದ್ದರು. ಜಯಲತಾ, ರುಕ್ಮಿಣಿಯರ ಜೊತೆ ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುರುಕಾಣಿಕೆಯ ನಿರೀಕ್ಷೆಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತೆ. ನಿಶ್ಮಿತಾ ಎದ್ದು ನಿಂತಳು. ಜಯಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಾತು ಶುರುವಾಯಿತು ನೋಡಿ, ಟೀಚರ್ ತಡೆದರೂ ನಿಲ್ಲಲಿಲ್ಲ. ಮಕ್ಕಳು ಬೆಂಚು ಬಡಿದರು.

"ಯಾರ್ಯಾರು ಹೋಗ್ತೀರಿ?" ಎಂದು ಟೀಚರ್ ಮರಾಠಿಯಲ್ಲಿ ಕೇಳಿದರು.

"ಮಮ್ಮಿ, ನಾನು, ರುಕ್ಮಿಣಿ ಆಂಟಿ, ಅವರ ಮಗ ಅಭಿ."

ನಾನು ಕೆಮ್ಮಿದೆ.

"ಮತ್ತೆ ನಿನಗೆ ಕಲಿಸಿದ ಶ್ರೀನಿ ಅಂಕಲ್?" ಎಂದು ಟೀಚರ್ ನನ್ನತ್ತ ನೋಡಿದರು.

"ಅವರು ನಮ್ಮ ಜೊತೆ ಬರಲ್ಲ. ಒಬ್ಬರೇ ಮೊದಲು ಅಂಟಾರ್ಕಟಿಕಾಕ್ಕೆ ಹೋಗಿ ಕರ್ಚೀಫ್ ಹಾಕಿ ಕೂತಿರ್ತಾರೆ. ನಮಗೆ ಸೀಟ್ ಹಿಡಿಯೋದು ಪಪ್ಪನ ಕೆಲಸ ಆಗಿತ್ತು. ಈಗ ಅಂಕಲ್‌ದು."

ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ರುಕ್ಮಿಣಿ. ಮನೆಗೆ ಬಂದವಳೇ ಅವಳು ನನ್ನ ಹಳೆಯ ಸ್ವೆಟರ್ ಹುಡುಕಿ ಬಿಸಿಲಿಗೆ ಹಾಕಿದಳು.

"ನಿಮ್ಮನ್ನ ಬಿಟ್ಟು ನಾಲ್ಕು ಜನ. ನಾಲ್ಕು ಕರ್ಚೀಫ್ ಸಾಕಲ್ವಾ ರೀ?"

"ಐದು ಇಡು," ಎಂದೆ. ಜಯಶೀಲ ಕಿಟಕಿಯನ್ನು ಯಾರಿಗೂ ಬಿಟ್ಟುಕೊಡುವವನಲ್ಲ.