ಕೂಸು, ಲಿಲ್ಲಿ ಚೇಚಿ ಮತ್ತು ಎರಡನೆಯ ಬೀಗದ ಕೈ

ಅನುಮಾನ ಪಡುವುದೇ ನನ್ನ ಹೊಟ್ಟೆಪಾಡು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಕೂತವನು ಎದುರಿಗಿದ್ದವರನ್ನೆಲ್ಲ ಒಳ್ಳೆಯವರೆಂದು ನಂಬಿಬಿಟ್ಟರೆ ಸಂಬಳ ತೆಗೆದುಕೊಳ್ಳುವುದಕ್ಕೆ ಯಾವ ಮುಖ ಇರುತ್ತದೆ ಹೇಳಿ. ಕಷ್ಟ ಏನೆಂದರೆ, ಈ ಉದ್ಯೋಗಕ್ಕೆ ಸಂಜೆ ಬಾಗಿಲು ಹಾಕಿ ಮನೆಗೆ ಬರಲು ಆಗುವುದಿಲ್ಲ. ಹಾಲಿನವನ ಅಳತೆ, ಆಟೋದವನ ಮೀಟರು, ದೇವಸ್ಥಾನದ ಪ್ರಸಾದದ ಗಾತ್ರ, ಎಲ್ಲದರ ಮೇಲೂ ಕಣ್ಣು ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ವಿಮಲ "ನೀವಂದ್ರೆ ನಂಗೆ ತುಂಬಾ ಇಷ್ಟ" ಎಂದಾಗ ನಾನು "ಯಾಕೆ?" ಎಂದು ಕೇಳಿದೆನಂತೆ. ಅವಳು ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಆ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

ಮೈಸೂರಿನ ಕಡೆಯವರಾದ ನಾವು ವರ್ಗವಾಗಿ ತಿರುವನಂತಪುರಕ್ಕೆ ಬಂದು ಬಹಳ ವರ್ಷಗಳಾದವು. ಮಗಳು ಸ್ಮಿತಾ ಇಲ್ಲೇ ಓದಿ, ಕೊಚ್ಚಿಯಲ್ಲಿ ಕೆಲಸ ಹಿಡಿದು, ಅನೂಪ್ ಎಂಬ ಮಲಯಾಳಿ ಹುಡುಗನನ್ನು ಮದುವೆಯಾಗಿ, ವೈಟ್ಟಿಲದ ಹತ್ತಿರ ಒಂದು ಫ್ಲಾಟಿನಲ್ಲಿ ಸಂಸಾರ ಹೂಡಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ತೀರಾ ಸಿಟ್ಟು ಬಂದಾಗ ಮಾತ್ರ ಅಚ್ಚ ಕನ್ನಡ. ಈ ವರ್ಷ ಅವಳಿಗೆ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ಬಾಣಂತನವನ್ನು ತಾನೇ ಮಾಡುತ್ತೇನೆಂದು ವಿಮಲ ತಿಂಗಳುಗಟ್ಟಲೆ ಸೊಂಟ ಕಟ್ಟಿ ನಿಂತಿದ್ದಳು. ಆದರೆ ಹೆರಿಗೆಗೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ, ಬಾಣಂತಿಯ ಅಂಟಿನುಂಡೆಗೆಂದು ಒಣಕೊಬ್ಬರಿ, ಅಂಟು, ಉತ್ತುತ್ತೆ ತರಲು ಚಾಲೈ ಬಜಾರಿಗೆ ಹೋದವಳು ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೊಬ್ಬರಿ ಮಾತ್ರ ಒಂದೂ ಒಡೆದಿರಲಿಲ್ಲ. ಅನೂಪನ ತಾಯಿ ಗಲ್ಫಿನಲ್ಲಿ ತಮ್ಮ ಮಗಳ ಬಾಣಂತನದಲ್ಲಿದ್ದರು. ಹೀಗಾಗಿ ದುಡ್ಡು ಕೊಟ್ಟು ಒಬ್ಬರನ್ನು ಕರೆಸದೆ ಬೇರೆ ದಾರಿಯೇ ಉಳಿಯಲಿಲ್ಲ.

ರಜ ಹಾಕಿ ವಿಮಲಳನ್ನು ಕರೆದುಕೊಂಡು ಕೊಚ್ಚಿಗೆ ಬಂದವನು ಏಜೆನ್ಸಿಗೆ ಫೋನ್ ಮಾಡುವ ಕೆಲಸವನ್ನು ನಾನೇ ಮೇಲೆ ಹಾಕಿಕೊಂಡೆ. ಆ ಕಡೆಯ ಹೆಂಗಸಿನ ದನಿ ಅನುಮಾನ ಬರುವಷ್ಟು ಸಿಹಿಯಾಗಿತ್ತು. "ಸಾರ್, ಬೇಬಿ ಕೇರ್ ಬೇರೆ, ಮದರ್ ಕೇರ್ ಬೇರೆ. ಎರಡೂ ಸೇರಿದ್ದು ಪ್ರೀಮಿಯಂ" ಎಂದಳು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಒಂದರಲ್ಲಿ, ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಇನ್ನೊಂದರಲ್ಲಿ. ಕೂಸಿನ ಬಟ್ಟೆ ಒಗೆಯುವುದು ಸೇರಿದೆಯಂತೆ, ತಾಯಿಯದು ಸೇರಿಲ್ಲವಂತೆ. "ಹಾಗಾದ್ರೆ ಕೂಸು ತಾಯಿಯ ನೈಟಿ ಒದ್ದೆ ಮಾಡಿದ್ರೆ ಅದು ಯಾವ ಪ್ಯಾಕೇಜಿಗೆ ಬರುತ್ತೆ?" ಎಂದೆ. "ಸಾರ್ ಏನು ಕೆಲಸ ಮಾಡ್ತೀರಿ?" ಎಂದು ಅವಳೇ ನನ್ನನ್ನು ಕೇಳಿದಳು.

ಅವಳು ಹೇಳಿದ ದರ ಕೇಳಿ, ಇಡೀ ಬಾಣಂತನಕ್ಕೆ ಅಷ್ಟು ಎಂದುಕೊಂಡು ನಾನು ಪರವಾಗಿಲ್ಲ ಎಂದು ತಲೆಯಾಡಿಸುತ್ತಿದ್ದೆ. ಅದು ಒಂದು ತಿಂಗಳದ್ದಂತೆ. ನಮ್ಮ ಬ್ಯಾಂಕಿಗೆ ಹೊಸದಾಗಿ ಸೇರಿದ ಗುಮಾಸ್ತನಿಗೆ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ, ಅವನು ಪರೀಕ್ಷೆ ಪಾಸು ಮಾಡಿ ಬಂದಿರುತ್ತಾನೆ. ಅದರ ಮೇಲೆ ನೋಂದಣಿ ಶುಲ್ಕ, ಸರ್ವೀಸ್ ಚಾರ್ಜು, ಬಂದು ಹೋಗುವ ಖರ್ಚು. ನಾನು ಹುಟ್ಟಿದಾಗ ನಮ್ಮ ಅಮ್ಮನಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಒಂದು ಸೀರೆ, ಒಂದು ಮೊರ ಅಕ್ಕಿ, ಎಲೆ ಅಡಿಕೆ ಕೊಟ್ಟು ಕಳಿಸಿದ್ದರಂತೆ. ನಾನು ಆ ಅಕ್ಕಿಗೆ ತಕ್ಕಂತೆಯೇ ಬೆಳೆದೆ ಎಂದು ವಿಮಲ ಹೇಳುತ್ತಾಳೆ. ದುಡ್ಡು ಅಳಿಯನದು, ನಾನು ಯಾಕೆ ಒದ್ದಾಡಬೇಕು ಎಂದು ನೀವು ಕೇಳಬಹುದು. ಆಡಿಟ್ ಮಾಡುವವನಿಗೆ ಯಾವತ್ತೂ ದುಡ್ಡು ಬೇರೆಯವರದೇ.

ಹೀಗೆ ಬಂದವರು ಲಿಲ್ಲಿ. ಇಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ; ಸ್ಮಿತಾ ಬಾಗಿಲಲ್ಲೇ "ಲಿಲ್ಲಿ ಚೇಚೀ" ಎಂದು ಕರೆದು ಸಂಬಂಧ ಕಟ್ಟಿಬಿಟ್ಟಳು. ಗಟ್ಟಿಮುಟ್ಟಾದ ಹೆಂಗಸು, ಇಸ್ತ್ರಿ ಮಾಡಿದ ಚೂಡಿದಾರ, ಒಂದು ದೊಡ್ಡ ಬ್ಯಾಗು. ಬಂದವರೇ ಕೈಕಾಲು ತೊಳೆದು, ಕೂಸನ್ನು ಎತ್ತಿಕೊಂಡು, ತಮಗೆ ಮಧ್ಯಾಹ್ನ ಮೀನಿಲ್ಲದೆ ಊಟ ಸೇರುವುದಿಲ್ಲವೆಂದು ತಿಳಿಸಿದರು. ನಮ್ಮದು ಏಕಾದಶಿಗೆ ಅನ್ನಕ್ಕೇ ರಜ ಕೊಡುವ ಮನೆ. ಅನೂಪ ಹಿಂದುಮುಂದು ನೋಡದೆ ಒಪ್ಪಿಕೊಂಡ. ಅವನ ಕಚೇರಿ ಫೋರ್ಟ್ ಕೊಚ್ಚಿಯಲ್ಲಿ. ಬರುವಾಗ ಅಲ್ಲಿಂದಲೇ ಮೀನು ತರತೊಡಗಿದ. ದಿನವೂ ಮೂಗು ಮುಚ್ಚಿಕೊಂಡು ಕೂತ ನನಗೆ ಒಂದು ಸಂಗತಿ ಹೊಳೆಯಿತು. ಒಬ್ಬ ಹೆಂಗಸಿಗೆಂದು ತರುವ ಮೀನಿನ ಪೊಟ್ಟಣ ಯಾಕಿಷ್ಟು ದಪ್ಪ? ಲಿಲ್ಲಿ ಉಳಿದದ್ದನ್ನು ಎಲ್ಲಿಗೆ ಸಾಗಿಸುತ್ತಿದ್ದಾರೆ? ಒಂದು ಮಧ್ಯಾಹ್ನ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ನುಗ್ಗಿದೆ. ಲಿಲ್ಲಿ ಬಡಿಸುತ್ತಿದ್ದರು. ಬೆರಳು ಚೀಪುತ್ತಾ ಕೂತಿದ್ದವಳು ನನ್ನ ಮಗಳು. "ಮದುವೆ ಆದಾಗಿಂದ ತಿಂತೀನಿ ಅಪ್ಪಾ" ಎಂದಳು. ವಿಮಲ ಪಕ್ಕದಲ್ಲೇ ಮೊಸರನ್ನ ತಿನ್ನುತ್ತಿದ್ದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ. ತನಿಖೆ ಮಾಡುವವರಿಗೆ ಈ ಅಪಾಯ ಇದ್ದದ್ದೇ, ಬೇಡದ್ದೇ ಮೊದಲು ಸಿಗುತ್ತದೆ. ನಾನು ನೀರು ಕುಡಿದು ಹೊರಗೆ ಬಂದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಮೀನಿನ ವಿಷಯ ಹೋಗಲಿ, ಒಳಗೆ ಒಂದು ನಿಜವಾದ ಭಯವಿತ್ತು. ಕೈಗೆ ಸಿಕ್ಕರೆ ಜಾರಿಬಿಡುವಷ್ಟು ಸಣ್ಣ ಜೀವ. ಅದನ್ನು ನಿನ್ನೆ ಮೊನ್ನೆ ಬಂದವರ ಕೈಯಲ್ಲಿ ಕೊಟ್ಟು ನಾವೆಲ್ಲ ಪೇಪರು ಓದುತ್ತಾ ಕೂರುವುದು ಹೇಗೆ? ಬ್ಯಾಂಕಿನಲ್ಲಿ ಇದಕ್ಕೆ ಒಳ್ಳೆಯ ಪದ್ಧತಿಯಿದೆ. ತಿಜೋರಿಗೆ ಎರಡು ಕೀಲಿ, ಅವು ಇಬ್ಬರು ಅಧಿಕಾರಿಗಳ ಹತ್ತಿರ. ಇಬ್ಬರೂ ಎದುರಿಗಿಲ್ಲದೆ ಅದು ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ಜಾಯಿಂಟ್ ಕಸ್ಟಡಿ ಎನ್ನುತ್ತೇವೆ. ಮಾಮೂಲಿ ನೂರರ ನೋಟಿಗೆ ಇಷ್ಟು ಕಾವಲು ಇರುವಾಗ ಮೊಮ್ಮಗಳಿಗೆ ಬೇಡವೇ? ನಾನು ಲಿಲ್ಲಿಯನ್ನು ಕೂರಿಸಿಕೊಂಡು ನನ್ನ ಹರಕು ಮಲಯಾಳದಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಶರಿ ಸಾರೇ. ಒಂದು ಕೀಲಿ ನಾನು. ಇನ್ನೊಂದು?" ಎಂದರು. "ನಾನೇ" ಎಂದೆ. ಪಕ್ಕದ ಕೋಣೆಯಲ್ಲಿ ವಿಮಲ ನಕ್ಕದ್ದು ಕೇಳಿಸಿತು.

ತಿಜೋರಿಯನ್ನು ದಿನಕ್ಕೆರಡು ಸಲ ತೆರೆಯುತ್ತೇವೆ. ಕೂಸು ಮನಸ್ಸು ಬಂದಾಗಲೆಲ್ಲ ತೆರೆದುಕೊಳ್ಳುತ್ತದೆ. ನಾನು ಚಹಾ ಬಾಯಿಗಿಡುವಷ್ಟರಲ್ಲಿ "ಸಾರೇ, ವರೂ!" ಎಂದು ಕೂಗು. ಬನ್ನಿ ಎಂದರ್ಥ. ಹೋಗಿ ನಿಂತರೆ, ಡಯಾಪರ್ ಬಿಚ್ಚಿ ನನಗೆ ತೋರಿಸಿ, ನಾನು ನೋಡಿದೆನೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅದನ್ನು ಬಿಸಾಡುತ್ತಿದ್ದರು. ಸ್ನಾನಕ್ಕೆ, ಪುಡಿಗೆ, ಬಟ್ಟೆಗೆ, ಎಲ್ಲಕ್ಕೂ ಕರೆ. ಇದು ವಿಧೇಯತೆಯೋ ಕುಚೋದ್ಯವೋ ಎಂಬುದು ಅವರ ಮುಖದಿಂದ ತಿಳಿಯುತ್ತಿರಲಿಲ್ಲ. ನಾನೇನು ಬಿಟ್ಟೆನೇ? ಎದುರಿಗೆ ಸ್ಟೂಲು ಹಾಕಿ ಕೂತು ಪ್ರಶ್ನೆ ಕೇಳುತ್ತಿದ್ದೆ. ಈ ಎಣ್ಣೆ ಎಲ್ಲಿಯದು? ಹೊಸ ಬಾಟಲಿ ಯಾರು ತೆರೆದರು? ನಿನ್ನೆ ಇಷ್ಟು ಖಾಲಿಯಾಗಿರಲಿಲ್ಲವಲ್ಲ? ಕೂಸಿನ ತಲೆಯನ್ನು ಎಡಗೈಯಲ್ಲೇ ಯಾಕೆ ಹಿಡಿಯುತ್ತೀರಿ? ಲಿಲ್ಲಿ ಎಲ್ಲಕ್ಕೂ "ಉಂಟು ಸಾರೇ", "ಇಲ್ಲ ಸಾರೇ" ಎನ್ನುತ್ತಾ ಕೂಸನ್ನು ತಟ್ಟುತ್ತಿದ್ದರು.

ನನ್ನ ಕಾಟ ತಾಳಲಾರದೆ ಒಂದು ದಿನ ವಿಮಲ "ರೀ, ಫೋರ್ಟ್ ಕೊಚ್ಚಿಗೆ ಹೋಗಿ ಸಮುದ್ರನಾದ್ರೂ ನೋಡ್ಕೊಂಡು ಬನ್ನಿ" ಎಂದಳು. ನನ್ನನ್ನು ಹೊರಗೆ ಕಳಿಸಲು ಇವರಿಗೇಕೆ ಇಷ್ಟು ಅವಸರ ಎಂದು ನನಗೆ ತಕ್ಷಣ ಹೊಳೆಯಿತು. ಸಂಜೆ ಬರುತ್ತೇನೆಂದು ಹೇಳಿ ಹೊರಟವನು ವೈಟ್ಟಿಲದ ಬಸ್ ನಿಲ್ದಾಣದಲ್ಲಿ ಒಂದು ಚಹಾ ಕುಡಿದು ಹಿಂತಿರುಗಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಸರ್‌ಪ್ರೈಸ್ ಚೆಕ್ ಎನ್ನುತ್ತಾರೆ. ಸದ್ದಿಲ್ಲದೆ ಬಾಗಿಲು ತೆರೆದೆ. ಹಾಲ್‌ನಲ್ಲಿ ವಿಮಲ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ನಿದ್ದೆ ಹೋಗಿದ್ದಳು. ಕೋಣೆಯಲ್ಲಿ ಸ್ಮಿತಾ ನಿದ್ದೆ. ಕೆಳಗೆ ಚಾಪೆಯ ಮೇಲೆ ಲಿಲ್ಲಿ ನಿದ್ದೆ, ಒಂದು ಕೈ ತೊಟ್ಟಿಲ ಮೇಲೆ. ಕೂಸೂ ನಿದ್ದೆ. ಕೀಲಿ ಹಿಡಿದವರು ಒಬ್ಬರೂ ಎಚ್ಚರವಿಲ್ಲ! ನನಗೆ ತಡೆಯಲಾಗಲಿಲ್ಲ. "ಇಲ್ಲಿ ಕಸ್ಟಡಿ ಯಾರದು?" ಎಂದು ಕೂಗಿದೆ.

ಕೂಸು ಬೆಚ್ಚಿಬಿದ್ದು ಕಿರುಚಿದ ರೀತಿಗೆ ಪಕ್ಕದ ಫ್ಲಾಟಿನವರು ಬಾಗಿಲು ತೆರೆದರು. ಆಗ ನನಗೆ ತಿಳಿದದ್ದು, ಹೊಲಿಗೆಯ ನೋವಿನಿಂದ ಮಗಳು ಕೆಲವು ದಿನಗಳಿಂದ ಸರಿಯಾಗಿ ಮಲಗಿರಲಿಲ್ಲ, ಆವತ್ತೇ ಹೇಗೋ ಕಣ್ಣು ಹತ್ತಿತ್ತು. ಲಿಲ್ಲಿ ಎದ್ದವರೇ ಕೂಸನ್ನು ವಿಮಲಳ ಮಡಿಲಿಗೆ ಕೊಟ್ಟು ತಮ್ಮ ಬ್ಯಾಗಿಗೆ ಬಟ್ಟೆ ತುಂಬತೊಡಗಿದರು. "ಕಳ್ಳರ ಮನೆಯಲ್ಲಿ ಬೇಕಾದ್ರೂ ಕೆಲಸ ಮಾಡ್ತೀನಿ ಸಾರೇ. ಪೊಲೀಸರ ಮನೆಯಲ್ಲಿ ಆಗಲ್ಲ" ಎಂದರು. ಸ್ಮಿತಾ ಗೋಡೆ ಹಿಡಿದು ನಿಧಾನವಾಗಿ ಎದ್ದು ಬಂದು ಆ ಬ್ಯಾಗನ್ನು ಹಿಡಿದುಕೊಂಡಳು. ಕಣ್ಣಲ್ಲಿ ನೀರು. ನನ್ನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಹೇಳಿದಳು: "ಅಪ್ಪಾ, ನಂಗೆ ಚೇಚಿ ಬೇಕು. ಅವರು ಇರ್ಲಿ. ನೀವು ಹೋಗಿ."

ಮಗಳ ಮನೆಯಿಂದ ನನ್ನನ್ನು ಹೋಗೆಂದದ್ದು ಅದೇ ಮೊದಲು. ವಿಮಲ ಏನಾದರೂ ಹೇಳಬಹುದೆಂದು ನೋಡಿದೆ. "ರಜ ಹೇಗೂ ಮುಗೀತಾ ಬಂತಲ್ಲ" ಎಂದಳು, ನನ್ನ ಮುಖ ನೋಡದೆ. ತಿರುವನಂತಪುರದ ರೈಲಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಟಿಕೆಟ್ ಕಲೆಕ್ಟರ್ ಮೇಲೂ ಅನುಮಾನ ಬರಲಿಲ್ಲ, ಅಷ್ಟು ಮನಸ್ಸು ಕೆಟ್ಟಿತ್ತು. ನಾನು ಕೂಸಿಗಾಗಿ ಅಲ್ಲವೇ ಹೆದರಿದ್ದು? ಮನೆಗೆ ಬಂದು ಅನ್ನ ಬೇಯಿಸಿಕೊಂಡು ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ಮಗಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ವಿಮಲ ಮಾತ್ರ ಗ್ಯಾಸ್ ಆಫ್ ಮಾಡಿದಿರಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಯಾವುದೋ ಶಾಖೆಯ ಆಡಿಟ್‌ನಲ್ಲಿದ್ದಾಗ ವಿಮಲಳ ಫೋನು ಬಂತು. ತೆಗೆದರೆ ಲಿಲ್ಲಿಯ ದನಿ, ಹಿಂದೆ ಕೂಸಿನ ಅಳು. "ಏನಾಯ್ತು?" ಎಂದೆ. "ಏನೂ ಆಗಿಲ್ಲ. ಸಾರ್ ಹೋದಾಗಿಂದ ಕೂಸು ಮಧ್ಯಾಹ್ನ ಮಲಗ್ತಾನೇ ಇಲ್ಲ. ಎತ್ತಿಕೊಂಡು ಆಯ್ತು, ತೂಗಿ ಆಯ್ತು, ಡಾಕ್ಟರಿಗೆ ತೋರಿಸಿ ಆಯ್ತು. ನನಗೊಂದು ಸಂಶಯ. ಫೋನ್ ಸ್ಪೀಕರಿಗೆ ಹಾಕಿದ್ದೀನಿ ಸಾರೇ, ಏನಾದ್ರೂ ಕೇಳಿ" ಎಂದರು. ಏನು ಕೇಳಲಿ? "ಅದೇ, ಯಾವಾಗಲೂ ಕೇಳ್ತಿದ್ರಲ್ಲ, ಹಾಗೆ." ನಾನು ಗಂಟಲು ಸರಿಮಾಡಿಕೊಂಡು ಎಣ್ಣೆ ಬಾಟಲಿಯಿಂದ ಶುರು ಮಾಡಿದೆ. ಹೊಸದು ಯಾವಾಗ ತಂದಿರಿ? ಹಳೆಯದರಲ್ಲಿ ಎಷ್ಟಿತ್ತು? ನಾನಿಲ್ಲದಾಗ ಎದುರಿಗೆ ಯಾರಿದ್ದರು? ಕೇಳುತ್ತಾ ಕೇಳುತ್ತಾ ದಿನಗಳಿಂದ ಕಟ್ಟಿಟ್ಟದ್ದೆಲ್ಲ ಹೊರಬಂತು. ಆ ಕಡೆ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಎಲ್ಲ ಪ್ರಶ್ನೆಗೂ ಉತ್ತರ ಸಿಗುವ ಮೊದಲೇ ಯಾರೋ ಫೋನು ತೆಗೆದುಕೊಂಡರು. "ಮಲಗ್ತು ಅಪ್ಪಾ," ಸ್ಮಿತಾ ಪಿಸುಗುಟ್ಟಿದಳು. "ನಾಳೆನೂ ಮಾಡ್ತೀರಾ?" ತಲೆಯೆತ್ತಿ ನೋಡಿದರೆ ಆ ಶಾಖೆಯ ಮ್ಯಾನೇಜರು ಬಾಗಿಲಲ್ಲಿ ಬೆವರುತ್ತಾ ನಿಂತಿದ್ದ. ನನಗೆ ಅಳು ಬರುವ ಹಾಗಾಗಿತ್ತು, ಅವನ ಮುಂದೆ ಅಳಬಾರದೆಂದು ತಡೆದುಕೊಂಡೆ.

ಅಂದಿನಿಂದ ದಿನಾ ಊಟದ ಹೊತ್ತಿಗೆ ನನ್ನ ಡ್ಯೂಟಿ. ಎಲ್ಲ ಸುಸೂತ್ರವಾಗಿತ್ತು. ಆದರೆ ಮೊನ್ನೆ ಒಂದು ತೊಂದರೆ ಎದುರಾಯಿತು. ಕೇಳಲು ಏನೂ ಇರಲಿಲ್ಲ. ಎಣ್ಣೆ ಸರಿಯಿತ್ತು, ಸ್ನಾನ ಸರಿಯಿತ್ತು, ಕೂಸು ತೂಕ ಏರಿತ್ತು, ಮಗಳು ಹೊಟ್ಟೆ ತುಂಬ ಮೀನು ತಿಂದು ಓಡಾಡುತ್ತಿದ್ದಳು. ಬಾಯಿಗೆ ಬಂದ ಪ್ರಶ್ನೆಗಳನ್ನೇ ಕೇಳಿದೆ. ಕೂಸು ನಂಬಲಿಲ್ಲ, ಇನ್ನೂ ಜೋರಾಗಿ ಅತ್ತಿತು. "ಸಾರೇ, ಇದು ಸಾಲದು, ಮನಸ್ಸಿಟ್ಟು ಕೇಳಿ" ಎಂದು ಲಿಲ್ಲಿ ಗದರಿದರು. ನಾನು ಪ್ರಾಮಾಣಿಕವಾಗಿ ಹುಡುಕಿದೆ. ಆ ಹೆಂಗಸಿನ ಮೇಲೆ ಒಂದೇ ಒಂದು ಅನುಮಾನವೂ ಸಿಗಲಿಲ್ಲ. ಆಗ ಅವರು ತಣ್ಣಗೆ, "ಅಂದಹಾಗೆ ಸಾರೇ, ಬರುವ ತಿಂಗಳಿಂದ ಏಜೆನ್ಸಿಯವರು ರೇಟು ಜಾಸ್ತಿ ಮಾಡಿದ್ದಾರೆ" ಎಂದರು. "ಏನು? ಯಾವ ಲೆಕ್ಕದಲ್ಲಿ? ಯಾರನ್ನು ಕೇಳಿ ಮಾಡಿದ್ರು?" ನನ್ನ ದನಿ ಇಡೀ ಶಾಖೆಗೆ ಕೇಳಿಸಿತು. ಆ ಕಡೆ ಕೂಸು ಗಾಢವಾಗಿ ಮಲಗಿಬಿಟ್ಟಿತ್ತು.

ರೇಟು ನಿಜವಾಗಿಯೂ ಜಾಸ್ತಿಯಾಗಿದೆಯೋ ಅಥವಾ ಲಿಲ್ಲಿ ಕೂಸನ್ನು ಮಲಗಿಸಲು ಹೇಳಿದ ಮಾತೋ, ಗೊತ್ತಿಲ್ಲ. ಏಜೆನ್ಸಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ನಂಬರು ಎದುರಿಗೇ ಇದೆ. ಆದರೆ ಅದು ಸುಳ್ಳೆಂದು ಗೊತ್ತಾಗಿ ನನಗೆ ಸಮಾಧಾನವಾಗಿಬಿಟ್ಟರೆ ನಾಳೆ ಮಧ್ಯಾಹ್ನ ಮೊಮ್ಮಗಳ ಗತಿಯೇನು? ಹಾಗಾಗಿ ಫೋನ್ ಮಾಡಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಸಂಗತಿಯನ್ನು ಪರೀಕ್ಷಿಸದೆ ಬಿಟ್ಟದ್ದು ಇದೇ ಮೊದಲು. ದಯವಿಟ್ಟು ನಮ್ಮ ಆಫೀಸಿನಲ್ಲಿ ಯಾರಿಗೂ ಹೇಳಬೇಡಿ.