ಹತ್ತಕ್ಕೆ ಹತ್ತು, ಮೇಲೊಂದು ತೂತು

ಧಾರಾಳವಾಗಿ ಹೊಗಳುವವರ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ ಜಾಸ್ತಿ. ಕ್ಷೌರ ಮುಗಿಸಿ “ಮದುಮಗ ಕಂಡಂಗ ಕಾಣ್ತೀರಿ” ಎನ್ನುವವನ ಅಂಗಡಿಗೇ ಹೋಗುತ್ತೇನೆ, ಕಿವಿ ಗೀರಿದರೂ ಪರವಾಗಿಲ್ಲ. ಈ ಗುಣವೇ ಒಮ್ಮೆ ನನ್ನ ಮೂರು ಡಬ್ಬಿಗಳಿಗೆ ಕುತ್ತು ತಂದಿತು.

ಡಬ್ಬಿಗಳಲ್ಲಿ ಇರುವುದು ಚೂಯಿಂಗ್ ಗಮ್ ಪೊಟ್ಟಣದೊಳಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಹಳೆಯ ಕಾರ್ಡುಗಳು. ಶಹಾಪುರಕ್ಕೆ ಕಾಲುವೆ ಬಂದು ಸುತ್ತೆಲ್ಲ ಭತ್ತದ ಗದ್ದೆಯಾದ ಮೇಲೆ ನಮ್ಮ ಮನೆಯ ಗೋಡೆಗಳಿಗೆ ವರ್ಷವಿಡೀ ತೇವ. ಒಣ ಜಾಗವೆಂದರೆ ಅಲಮಾರಿಯ ಮೇಲಿನ ಖಾನೆ ಒಂದೇ. ಅಲ್ಲಿ ನನ್ನ ಡಬ್ಬಿಗಳು; ಕೆಳಗೆ ಹೆಂಡತಿ ಶರಣಮ್ಮನ ರೇಷ್ಮೆ ಸೀರೆಗಳಿಗೆ ಬೂಷ್ಟು. ಒಂದು ದಿನ ಅವಳು ಹೇಳಿಯೇಬಿಟ್ಟಳು: “ದೀಪಾವಳಿಯೊಳಗ ಒಂದಾದ್ರೂ ಕಾರ್ಡು ಚಲೋ ರೇಟಿಗೆ ಮಾರಿ ತೋರಸ್ರಿ. ಇಲ್ಲಾಂದ್ರ ಮೂರೂ ಡಬ್ಬಿ ರದ್ದಿಯವಗ.”

ಬರಿ ಕಾರ್ಡಿಗೆ ಬೆಲೆಯಿಲ್ಲ. ಅದನ್ನು ಪರೀಕ್ಷಿಸುವ ಕಂಪನಿಗೆ ಕಳಿಸಬೇಕು; ಅವರು ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ನಾನೋ ಕಾಲುವೆ ಕಚೇರಿಯ ಗುಮಾಸ್ತ. ಅರ್ಜಿಯಿಲ್ಲದೆ ನನ್ನ ಕೈಯಿಂದ ಕಾಗದ ಹೊರಡುವುದಿಲ್ಲ. “ಹೆಚ್ಚಿನ ಅಂಕ ದಯಪಾಲಿಸಬೇಕಾಗಿ ವಿನಂತಿ. ಲಗತ್ತು: ಕಾರ್ಡು ಒಂದು” ಎಂದು ಬರೆದು, ರೂಢಿಯಂತೆ ಎಡಮೂಲೆಗೆ ಗುಂಡುಸೂಜಿ ಚುಚ್ಚಿದೆ. ಚುಚ್ಚಿದ್ದು ನನ್ನ ಅತ್ಯುತ್ತಮ ಕಾರ್ಡಿಗೆ! ಅಯ್ಯೋ ಶಿವನೇ, ಇದೆಂಥ ಕೈ!

ಸುರಪುರದ ಗೆಳೆಯ ಹಣಮಂತ ಮಾಸ್ತರನ ಹತ್ತಿರವೂ ಅದೇ ಕಾರ್ಡು ಇತ್ತು, ಮೂಲೆ ಮಡಿಚಿದ್ದು. ತೂತಿನ ಸುದ್ದಿ ಕೇಳಿ ಅವನು ಫೋನಿನಲ್ಲಿ ಬೈದ: “ಬಿಗಿಯಾಗಿ ಅಂಕ ಕೊಡೋ ಕಂಪನಿಗೆ ಕಳಸೋ ಮಾರಾಯಾ. ತೂತು ಇದ್ರ ತೂತು ಅಂತಾರ, ಆದ್ರ ಅವರ ಮಾತು ಗಿರಾಕಿ ನಂಬ್ತಾನ.” ನಾನು ಕೇಳಲಿಲ್ಲ. ಅಗ್ಗದ, ಉದಾರ ಕಂಪನಿಯೊಂದನ್ನು ಹುಡುಕಿ ಕಳಿಸಿದೆ. ಹತ್ತಕ್ಕೆ ಹತ್ತು ಬಂತು! ಕಚೇರಿಗೆಲ್ಲ ಪೇಢೆ ಹಂಚಿದೆ.

ನಾನೂ ಹಣಮಂತನೂ ಕೂಡಿ ಯಾದಗಿರಿಗೆ ಹೋದೆವು. ಸ್ಟೇಷನ್ ಹತ್ತಿರ ಇಂಥ ಕಾರ್ಡು ಕೊಳ್ಳುವ ಸಲೀಂ ಸಾಹೇಬರ ಅಂಗಡಿ. ಹಣಮಂತನ ಕಾರ್ಡಿಗೆ ಬಿಗಿ ಕಂಪನಿ ಕೊಟ್ಟಿದ್ದು ಏಳು. ಸಾಹೇಬರು ಎರಡನೇ ಮಾತಿಲ್ಲದೆ ಒಳ್ಳೆಯ ಬೆಲೆಗೆ ತೆಗೆದುಕೊಂಡರು. ನನ್ನದನ್ನು ಬೆಳಕಿಗೆ ಹಿಡಿದು ನಕ್ಕರು.

“ಹತ್ತಕ್ಕ ಹತ್ತು ಕೊಟ್ಟಾರ. ಮ್ಯಾಲ ಈ ತೂತು ಯಾವ ಖುಷಿಗ್ರಿ? ಈ ಕಂಪನ್ಯಾಗ ಫೇಲಾದ ಕಾರ್ಡು ನಾ ಇವತ್ತಿನತನ ನೋಡಿಲ್ಲ. ಪ್ಲಾಸ್ಟಿಕ್ ಚಲೋ ಐತಿ, ಅದನ್ನಷ್ಟ ಬೇಕಾದ್ರ ತಗೋತೀನಿ.”

ನಾಚಿಕೆಯಿಂದ ಬಸ್ಸಿನಲ್ಲಿ ಹಣಮಂತನ ಮುಖ ನೋಡಲಿಲ್ಲ. ಮನೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಶರಣಮ್ಮ ಡಬ್ಬಿಗಳನ್ನು ಕೆಳಗಿಳಿಸಿದಳು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

“ಸಣ್ಣ ಕೂಸಿನಂಗ ಅಳಬ್ಯಾಡ್ರಿ. ಜ್ವಾಳದ ಪೀಪಾಯ್‌ದಾಗ ಇಡ್ತೀನಿ, ಒಣಗಿರ್ತಾವ,” ಎಂದು ಅವಳು ಖಾಲಿ ಖಾನೆಗೆ ಸೀರೆ ಜೋಡಿಸತೊಡಗಿದಳು.

ಡಬ್ಬಿಗಳು ಉಳಿದ ಖುಷಿಯಲ್ಲಿ ನನಗೆ ಸಲಿಗೆ ಹೆಚ್ಚಾಯಿತು. “ನನ್ನನ್ನ ಕಳಸೋದಿದ್ರ ಯಾವ ಕಂಪನಿಗೆ ಕಳಸ್ತಿದ್ದಿ?” ಎಂದು ಕೇಳಿದೆ.

ಅವಳು ಸೀರೆಯಿಂದ ಕಣ್ಣೆತ್ತಲಿಲ್ಲ. “ಯಾಕ ಕಳಸ್ಲಿ? ನಿಮ್ಮ ನಂಬರು ಮದಿವ್ಯಾದ ವಾರದಾಗ ನನಗ ಗೊತ್ತಾಗೇತಿ. ಗಿರಾಕಿ ಸಿಗಂಗಿಲ್ಲಂತ ಮನ್ಯಾಗ ಇಟ್ಕೊಂಡೀನಿ.”