ಹಡಗು ಹತ್ತದ ಶಾಂಪೂ

ಹಡಗಿನಲ್ಲಿ ಒಂದು ಪೆಗ್ಗಿಗೆ ಕೊಡುವ ದುಡ್ಡಿನಲ್ಲಿ ಮೂಡಿಗೆರೆಯಲ್ಲಿ ಒಂದು ಮೂಟೆ ಯೂರಿಯಾ ಬರುತ್ತದೆ ಎಂದು ಬೆಳ್ಳಿಯಪ್ಪ ಹೇಳದೇ ಇದ್ದಿದ್ದರೆ, ಪರಮೇಶ್ವರಪ್ಪನವರ ಸಂಸಾರದೊಳಕ್ಕೆ ಆ ಶಾಂಪೂ ಬಾಟಲಿ ಕಾಲಿಡುತ್ತಲೇ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರ ಮತ್ತು ಔಷಧಿಯ ಅಂಗಡಿ ಇಟ್ಟುಕೊಂಡಿದ್ದ ಪರಮೇಶ್ವರಪ್ಪನವರು ಆ ವರ್ಷ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಹೊಡೆಯುವ ಔಷಧಿಯನ್ನು ಎಲ್ಲರಿಗಿಂತ ಹೆಚ್ಚು ಮಾರಿದ್ದರು. ಖುಷಿಯಾದ ಕಂಪನಿಯವರು ಒಳ್ಳೆಯ ಡೀಲರುಗಳನ್ನೆಲ್ಲ ಹೆಂಡತಿಯರ ಸಮೇತ ಕೊಚ್ಚಿಯಿಂದ ದೊಡ್ಡ ಹಡಗಿನಲ್ಲಿ ಸುತ್ತಾಡಿಸಲು ಕರೆದಿದ್ದರು. ಕೊಚ್ಚಿಗೆ ಹೋಗುವ ಬಸ್ಸು ಅವತ್ತೇ ಸಂಜೆ ಹೊರಡುವುದಿತ್ತು. ಹುಟ್ಟಿದಾಗಿನಿಂದ ತೆಪ್ಪಕ್ಕಿಂತ ದೊಡ್ಡದನ್ನು ಹತ್ತದೇ ಇದ್ದ ಅವರ ಹೆಂಡತಿ ಪ್ರೇಮಕುಮಾರಿ ವಾರದಿಂದ ಸೀರೆ ಮಡಚುತ್ತಲೇ ಇದ್ದರು.

ಹಡಗಿನಲ್ಲಿ ಒಂದೆರಡು ಗುಟುಕು ಹಾಕಬೇಕೆಂಬ ಆಸೆ ಪರಮೇಶ್ವರಪ್ಪನವರಿಗೆ ಬಲವಾಗಿತ್ತು. ತೊಡಕೇನೆಂದರೆ, ಮಗಳು ರಶ್ಮಿಯ ನಿಶ್ಚಿತಾರ್ಥದ ದಿನ ಅವರು ಸ್ವಲ್ಪ ಹೆಚ್ಚು ಕುಡಿದು, ಬೀಗರನ್ನು ಮೂಲೆಗೆ ನಿಲ್ಲಿಸಿಕೊಂಡು ಸ್ಪ್ರೇಯರ್ ಮಾರಲು ಹೋಗಿದ್ದರು. ಮರುದಿನವೇ ಪ್ರೇಮಕುಮಾರಿ ತಮ್ಮ ತಲೆಯ ಮೇಲೆ ಅವರ ಕೈ ಇರಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದರು. ಅಂದಿನಿಂದ ಆಕೆ ಗಂಡನನ್ನು ಪೂರ್ತಿ ನಂಬಿದ್ದರು. ಆ ನಂಬಿಕೆ ಹೋದರೆ ಮನೆಯಲ್ಲಿ ತಮಗೆ ಉಳಿಯುವುದು ಏನೂ ಇಲ್ಲವೆಂದು ಪರಮೇಶ್ವರಪ್ಪನವರಿಗೆ ಗೊತ್ತಿತ್ತು. ಆದರೆ ಆಣೆ ಮಾಡಿದ್ದು ನೆಲದ ಮೇಲೆ, ಹಡಗು ಇರುವುದು ನೀರಿನ ಮೇಲೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

"ಹಡಗಿಗೆ ಹೊರಗಿನ ಬ್ರಾಂದಿ ಬಿಡಲ್ಲ ಪರಮೇಶಣ್ಣ," ಎಂದು ಬೆಳಿಗ್ಗೆ ಅಂಗಡಿಗೆ ಬಂದ ಬೆಳ್ಳಿಯಪ್ಪ ದಾರಿ ತೋರಿಸಿದ. ತೋಟ ನೋಡಿಕೊಳ್ಳುವುದಕ್ಕಿಂತ ಊರವರ ಕಷ್ಟ ನೋಡಿಕೊಳ್ಳುವುದರಲ್ಲಿ ಅವನಿಗೆ ಆಸಕ್ತಿ ಹೆಚ್ಚು. "ಶಾಂಪೂ ಬಾಟ್ಲಿಗೆ ತುಂಬಿಸ್ಕೊಂಡು ಹೋಗಿ. ಯಾರು ಮೂಸಿ ನೋಡ್ತಾರೆ ಮಾರಾಯ್ರೆ? ಇಲ್ಲಿ ಬೇಡ, ಗಿರಾಕಿಗಳಿಗೆ ವಾಸನೆ ಹೊಡೀತದೆ. ನಾನು ತೋಟದ ಮನೇಲಿ ತುಂಬಿಸಿ ತರ್ತೀನಿ."

ಪರಮೇಶ್ವರಪ್ಪನವರು ಗೋಡೌನಿನಲ್ಲಿ ಮೂಟೆಗಳ ಹಿಂದೆ ಬಚ್ಚಿಟ್ಟಿದ್ದ ಬ್ರಾಂದಿಯನ್ನೂ ಸೀಗೆಕಾಯಿ ಶಾಂಪೂವಿನ ಖಾಲಿ ಬಾಟಲಿಯನ್ನೂ ಅವನ ಕೈಗಿತ್ತರು. ಬೆಳ್ಳಿಯಪ್ಪ ಸ್ವಲ್ಪ ಹೊತ್ತಿಗೆ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ ತಂದುಕೊಟ್ಟ. ಅದು ಟವೆಲಿನಲ್ಲಿ ಸುತ್ತಿಕೊಂಡು ಮನೆಯಲ್ಲಿ ಪ್ರಯಾಣದ ಬ್ಯಾಗಿನ ತಳ ಸೇರಿತು.

ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಬ್ಯಾಗು ಬಾಯಿ ತೆರೆದುಕೊಂಡಿತ್ತು. ಟವೆಲು ಇತ್ತು, ಬಾಟಲಿ ಇರಲಿಲ್ಲ.

"ಪ್ರೇಮಾ, ಶಾಂಪೂ ಎಲ್ಲಿ?"

"ಹಡಗಿಗೆ ಪ್ಲಾಸ್ಟಿಕ್ ಬಾಟ್ಲಿ ಬಿಡಲ್ವಂತೆ ರೀ. ಪಕ್ಕದ್ಮನೆ ನಂದನ್ ಮೊಬೈಲಲ್ಲಿ ಓದಿ ಹೇಳ್ದ. ಸೋಪು, ಶಾಂಪೂ ಎಲ್ಲಾ ಅವ್ರೇ ಕೊಡ್ತಾರಂತೆ. ಪಾಪಮ್ಮೋರು ಸಂಸೆಗೆ ಗೃಹಪ್ರವೇಶಕ್ಕೆ ಹೋಗ್ತಿದಾರಲ್ಲ, ತಲೆ ಸ್ನಾನಕ್ಕೆ ಇರ್ಲಿ ಅಂತ ಕೊಟ್ಟೆ."

ನಂದನನ ತಾಯಿ ಪಾಪಮ್ಮನ ಕೂದಲೆಂದರೆ ಇಡೀ ಬೀದಿಯ ಹೆಮ್ಮೆ, ಸೊಂಟದ ಕೆಳಗೆ ಇಳಿದಿತ್ತು. ಆ ಕೂದಲಿಗೆ ಬ್ರಾಂದಿ ಸುರಿದರೆ ವಾಸನೆ ಸಂಸೆಯವರೆಗೂ ಹೋಗುತ್ತದೆ, ಸುದ್ದಿ ಅದಕ್ಕಿಂತ ಮುಂಚೆ ಹೆಂಡತಿಗೆ ಮುಟ್ಟುತ್ತದೆ. ಪರಮೇಶ್ವರಪ್ಪನವರು ಬರಿಗಾಲಲ್ಲೇ ಬೇಲಿ ದಾಟಿ ಹೋಗಿ ಪಕ್ಕದ ಮನೆಯ ಬಚ್ಚಲ ಬಾಗಿಲು ಬಡಿದರು.

"ಪಾಪಮ್ಮೋರೇ, ಆ ಶಾಂಪೂ ಹಾಕ್ಕೋಬೇಡಿ."

ಹೆಂಗಸರು ಸ್ನಾನ ಮಾಡುವಾಗ ಬಚ್ಚಲ ಬಾಗಿಲು ಬಡಿಯುವ ಗಂಡಸನ್ನು ಕಂಡು ನಂದನ್ ಬೆಪ್ಪಾಗಿ ನಿಂತ. ಹಿಂದೆಯೇ ಓಡಿ ಬಂದ ಪ್ರೇಮಕುಮಾರಿ, "ಯಾಕ್ರೀ, ಏನಾಯ್ತು?" ಎಂದು ಕೇಳಿದರು.

ಬ್ರಾಂದಿ ಎನ್ನುವಂತಿರಲಿಲ್ಲ. ನಾಲಿಗೆಗೆ ಸಿಕ್ಕಿದ್ದು ವ್ಯಾಪಾರದ ಮಾತು. "ಅದು... ಕಾಂಡಕೊರಕದ ಔಷಧಿ. ಸ್ಯಾಂಪಲ್ಲು."

ಬಾಗಿಲು ತೆರೆಯಿತು. ತಲೆಗೆ ಟವೆಲು ಸುತ್ತಿಕೊಂಡು, ಸೀರೆ ಉಟ್ಟು ಮುಗಿಸಿದ್ದ ಪಾಪಮ್ಮ ಬಿಳಿಚಿಕೊಂಡು ನಿಂತಿದ್ದರು. "ನಾನಾಗ್ಲೇ ಹಾಕ್ಕೊಂಡಾಯ್ತಲ್ಲ. ಆದ್ರೆ ಅದು ನೊ..."

ಅವರನ್ನು ಮಾತು ಮುಗಿಸಲು ಯಾರೂ ಬಿಡಲಿಲ್ಲ. ಬೀದಿಯ ಹೆಂಗಸರು ನೆರೆದರು. ಒಬ್ಬರು ಕಣ್ಣು ಕೆಂಪಾಗಿದೆ ಎಂದರು, ಇನ್ನೊಬ್ಬರು ತುಟಿ ನೀಲಿಯಾಯಿತು ಎಂದರು. ಇಷ್ಟು ಕೇಳಿದ ಮೇಲೆ ಪಾಪಮ್ಮನಿಗೆ ತಲೆ ಉರಿಯತೊಡಗಿತು. ದಾರಿಯಲ್ಲಿ ಹೋಗುತ್ತಿದ್ದ ಜೀಪೊಂದನ್ನು ತಡೆದು ಅವರನ್ನು ಎತ್ತಿ ಕೂರಿಸಿದರು. ಬಾಟಲಿ ಬಚ್ಚಲಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ದಿವ್ಯಾ, "ಔಷಧಿ ಹೆಸರೇನು?" ಎಂದು ಕೇಳಿದರು.

"ಹೊಸದು," ಎಂದರು ಪರಮೇಶ್ವರಪ್ಪ. "ಇನ್ನೂ ಹೆಸರಿಟ್ಟಿಲ್ಲ."

"ಹೆಸರು ಗೊತ್ತಿಲ್ದೆ ನಾನು ಏನಂತ ಟ್ರೀಟ್ಮೆಂಟ್ ಕೊಡ್ಲಿ? ಯಾರಾದ್ರೂ ಹೋಗಿ ಬಾಟ್ಲಿ ತನ್ನಿ." ನಂದನ್ ಓಡಿದ. ಡಾಕ್ಟರು ನರ್ಸಿನ ಕಡೆ ತಿರುಗಿದರು. "ಅಲ್ಲಿವರೆಗೂ ಕಾಯೋಕಾಗಲ್ಲ, ಚರ್ಮದ ಮೂಲಕ ಒಳಗೆ ಹೋಗತ್ತೆ. ತಲೆ ಬೋಳಿಸಿ ಚೆನ್ನಾಗಿ ತೊಳೀರಿ. ಆಮೇಲೆ ಚಿಕ್ಕಮಗಳೂರಿಗೆ ಕಳಿಸೋಣ."

ಪಾಪಮ್ಮ ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡು ಬೇಡ ಬೇಡ ಎಂದರು. ನರ್ಸು ಟ್ರೇಯಲ್ಲಿ ಕತ್ತರಿ, ರೇಜರು ತಂದರು. ಪ್ರೇಮಕುಮಾರಿ ಗೆಳತಿಯ ಬೆನ್ನು ಸವರುತ್ತ ಅಳುತ್ತಿದ್ದರು. ಪರಮೇಶ್ವರಪ್ಪನವರು ಹೆಂಡತಿಯ ಮುಖ ನೋಡಿದರು, ಕತ್ತರಿಯನ್ನು ನೋಡಿದರು. ನರ್ಸು ಮೊದಲ ಹಿಡಿ ಕೂದಲು ಎತ್ತಿದಾಗ ಅವರಿಗೆ ತಡೆಯಲಾಗಲಿಲ್ಲ.

"ನಿಲ್ಸಿ. ಅದು ಔಷಧಿ ಅಲ್ಲ ಡಾಕ್ಟ್ರೇ," ಎಂದರು. "ಬ್ರಾಂದಿ. ಹಡಗಲ್ಲಿ ಕುಡಿಯೋಣ ಅಂತ ನಾನೇ ತುಂಬಿಸಿದ್ದು."

ಕತ್ತರಿ ಅಲ್ಲೇ ನಿಂತಿತು. ಪ್ರೇಮಕುಮಾರಿ ನಿಧಾನವಾಗಿ ಕೈ ಎತ್ತಿ ತಮ್ಮ ತಲೆಯನ್ನು ಮುಟ್ಟಿಕೊಂಡರು, ಆಣೆ ಮಾಡಿಸಿಕೊಂಡ ಅದೇ ಜಾಗವನ್ನು. ಅದನ್ನು ನೋಡಿ ಪರಮೇಶ್ವರಪ್ಪನವರಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಅಷ್ಟರಲ್ಲಿ ನಂದನ್ ಬಾಟಲಿ ತಂದ. ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ ಬೆಳ್ಳಿಯಪ್ಪನೂ ಹಿಂದೆಯೇ ಒಳಗೆ ಬಂದ. ಡಾಕ್ಟರು ಮುಚ್ಚಳ ತೆಗೆದು ಮೂಸಿದರು, ಹುಬ್ಬು ಗಂಟಿಕ್ಕಿದರು. ಅಂಗೈಗೆ ಸ್ವಲ್ಪ ಸುರಿದುಕೊಂಡು ನಲ್ಲಿಯ ಕೆಳಗೆ ಉಜ್ಜಿದರು. ಕೈ ತುಂಬ ಬೆಳ್ಳಗೆ ನೊರೆ ಬಂತು.

"ಇದು ಶಾಂಪೂ," ಎಂದರು ಡಾಕ್ಟರು. "ಬರೀ ಶಾಂಪೂ."

"ನಾನು ಆವಾಗಿಂದ ಅದನ್ನೇ ಹೇಳೋಕೆ ಹೋದೆ, ನೊರೆ ಚೆನ್ನಾಗಿ ಬಂತು ಅಂತ," ಎಂದು ಪಾಪಮ್ಮ ಎದ್ದು ಕೂತರು. "ಯಾರು ಕೇಳಿದ್ರಿ?"

ಎಲ್ಲರ ಕಣ್ಣು ಪರಮೇಶ್ವರಪ್ಪನವರ ಮೇಲೆ, ಅವರ ಕಣ್ಣು ಬೆಳ್ಳಿಯಪ್ಪನ ಮೇಲೆ. ಬೆಳ್ಳಿಯಪ್ಪ ಗಂಟಲು ಸರಿಮಾಡಿಕೊಂಡ.

"ಬಂದರಲ್ಲಿ ನಿಮ್ಮನ್ನ ಹಿಡ್ಕೊಂಡ್ರೆ ಪ್ರೇಮಕ್ಕನ ಮಾನ ಏನಾಗ್ಬೇಕು ಅಂತ ನಂಗೆ ಯೋಚ್ನೆ ಬಂತು ಪರಮೇಶಣ್ಣ. ಅದ್ಕೆ ಶಾಂಪೂನೇ ತುಂಬಿಸ್ಬಿಟ್ಟೆ. ಹಡಗು ಹತ್ತಿದ್ಮೇಲೆ ಗೊತ್ತಾದ್ರೆ ಬೈಕೊಂಡು ಸುಮ್ನಾಗ್ತೀರ ಅಂದ್ಕೊಂಡೆ. ನೀವು ಬಾಯಿ ಬಿಡ್ತೀರ ಅಂತ ಯಾರಿಗೆ ಗೊತ್ತಿತ್ತು?"

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಂಪನಿಯ ಬಸ್ಸು ನಿಂತಿತ್ತು. ಪ್ರೇಮಕುಮಾರಿ ಬೇರೆ ಡೀಲರುಗಳ ಹೆಂಡತಿಯರ ನಡುವೆ ಕಿಟಕಿಯ ಪಕ್ಕ ಕೂತಿದ್ದರು. ಕೆಳಗೆ ನಿಂತ ಪರಮೇಶ್ವರಪ್ಪನವರು ಮೆಲ್ಲಗೆ ಕೇಳಿದರು, "ನನ್ನ ಬ್ಯಾಗು ಕಾಣ್ತಿಲ್ಲ?"

"ಹಡಗಿಗೆ ಬಿಡದೇ ಇರೋದನ್ನೆಲ್ಲ ಮನೇಲೇ ಇಟ್ಟಿದೀನಿ," ಎಂದರು ಪ್ರೇಮಕುಮಾರಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದರಿಂದಲೇ ಪರಮೇಶ್ವರಪ್ಪನವರಿಗೆ ಹೆಚ್ಚು ಭಯವಾಯಿತು. "ಶಾಂಪೂ ಬಚ್ಚಲಲ್ಲಿದೆ. ಬ್ಯಾಗು ಮಂಚದ ಕೆಳಗಿದೆ. ನೀವು ಅಂಗಡಿ ನೋಡ್ಕೊಳ್ಳಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಪಕ್ಕದಲ್ಲಿ ಬೆಳ್ಳಿಯಪ್ಪ ತಲೆ ಬಗ್ಗಿಸಿ ನಿಂತಿದ್ದ. ಇನ್ನು ಮುರಿಯಲು ಆಣೆಯೂ ಉಳಿದಿಲ್ಲವಲ್ಲ ಎಂದುಕೊಂಡು ಪರಮೇಶ್ವರಪ್ಪನವರು ಅವನ ಕಡೆ ತಿರುಗಿದರು.

"ಹೋಗ್ಲಿ ಮಾರಾಯ. ಆ ಬ್ರಾಂದಿನಾದ್ರೂ ಕೊಡು."

"ಅದೆಲ್ಲಿ ಇರತ್ತೆ ಪರಮೇಶಣ್ಣ?" ಎಂದ ಬೆಳ್ಳಿಯಪ್ಪ. "ನಿಮ್ಮ ಪ್ರಯಾಣ ಸುಖವಾಗಿರ್ಲಿ ಅಂತ ಮಧ್ಯಾಹ್ನವೇ ಮುಗಿಸ್ದೆ."